ಮೂರನೆಯ ಕಾಲಂ

ನನ್ನ ಮುಂದೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಎರಡು ಗೆರೆ ಎಳೆದು ಮೂರು ಕಾಲಂ ಮಾಡಿಕೊಂಡಿದ್ದೇನೆ. ಮೊದಲನೆಯದರಲ್ಲಿ ಪುಸ್ತಕದ ಹೆಸರು. ಎರಡನೆಯದರಲ್ಲಿ ಅದನ್ನು ಯಾರು ಒಯ್ದರು, ಯಾವ ತಾರೀಖಿಗೆ ಒಯ್ದರು. ಮೂರನೆಯದರಲ್ಲಿ, ಪುಸ್ತಕ ವಾಪಸ್ ಕೊಡುವಾಗ ಅವರು ಆಡಿದ ಮಾತು. ಅದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಂಡಿದ್ದೇನೆ, ತಿದ್ದಿಲ್ಲ. 2025ರಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಹಾಸನದ ನಮ್ಮ ಮನೆಯ ಜಗಲಿಯಲ್ಲಿ ಕೂತ ಒಂಬತ್ತು ಜನರ ಓದು ಈ ನೋಟ್‌ಬುಕ್ಕಿನಲ್ಲಿದೆ.

ಒಂಬತ್ತು ಜನರಲ್ಲಿ ಏಳು ಮಂದಿ ಶಾಲೆಯ ಪಠ್ಯಪುಸ್ತಕ ಮುಚ್ಚಿಟ್ಟ ಮೇಲೆ ಕನ್ನಡದ ಒಂದು ಇಡೀ ಪುಸ್ತಕ ಓದಿದವರಲ್ಲ. ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು, ಮೊಬೈಲ್ ರಿಪೇರಿಯ ಹುಡುಗ, ಬಸ್ ಕಂಡಕ್ಟರಾಗಿ ನಿವೃತ್ತರಾದ ಹಿರಿಯರು, ರಾತ್ರಿ ಪಾಳಿ ಮಾಡುವ ನರ್ಸ್, ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಒತ್ತಕ್ಷರ ಬಂದ ಕಡೆ ತಡವರಿಸುವ ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹೀಗೆ. "ಮೇಷ್ಟ್ರೇ, ಎಲ್ಲಿಂದ ಶುರು ಮಾಡೋದು?" ಎಂದು ಎಲ್ಲರೂ ಕೇಳಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನ್ನ ಬಳಿ ಅದಕ್ಕೆ ಉತ್ತರ ಸಿದ್ಧವಿರಬೇಕಿತ್ತು. ಇರಲಿಲ್ಲ. ತರಗತಿಯಲ್ಲಿ ನಾನು ಪುಸ್ತಕವನ್ನು ಪರೀಕ್ಷೆಗೆಂದು ಕೊಟ್ಟವನು. ನಮಗಿಷ್ಟವಾದ ಪುಸ್ತಕವನ್ನು ಇನ್ನೊಬ್ಬರ ಕೈಗಿಡುವುದು ಬೇರೆಯದೇ ಕೆಲಸ. ಅದನ್ನು ಆ ವರ್ಷ ಕಲಿತೆ. ಓದಿಗೆ ಈಗಷ್ಟೇ ಬರುತ್ತಿರುವ ನಿಮಗೆ, ನಾಲ್ಕು ಜನರನ್ನು ಕೂಡಿಸಿಕೊಂಡು ಓದಬೇಕು ಎಂದುಕೊಂಡಿರುವ ನಿಮಗೆ, ಕಲಿತಷ್ಟನ್ನು ಹೇಳುತ್ತೇನೆ.

ಮೊದಲು ನನ್ನ ತಪ್ಪಿನಿಂದ ಶುರು ಮಾಡಬೇಕು. ಈ ಕೂಟ ಹುಟ್ಟುವ ಮೊದಲು ನೆರೆಮನೆಯ ಯುವಕನೊಬ್ಬ ಓದಲು ಒಳ್ಳೆಯ ಪುಸ್ತಕ ಕೊಡಿ ಎಂದು ಕೇಳಿಕೊಂಡು ಬಂದಿದ್ದ. ನಾನು 'ಮಲೆಗಳಲ್ಲಿ ಮದುಮಗಳು' ಕೊಟ್ಟುಬಿಟ್ಟೆ. ಕುವೆಂಪು ಅವರ ಈ ಕಾದಂಬರಿ 1967ರಲ್ಲಿ ಬಂತು. ನನಗೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಕಾದಂಬರಿ ಇಲ್ಲ. ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ರಂಗಕ್ಕೆ ತಂದಾಗ ಇಡೀ ರಾತ್ರಿ, ಒಂಬತ್ತು ಗಂಟೆ ನಾಟಕ ನಡೆಯಿತು. ಜನ ಕಂಬಳಿ ಹೊದ್ದು ಕೂತು ನೋಡಿದರು. ಆದರೆ ಗುತ್ತಿ ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಹಿಡಿದ ಹೊತ್ತಿನಿಂದ ಒಬ್ಬರ ಹಿಂದೊಬ್ಬರಂತೆ ಹತ್ತಾರು ಜನ ಬರುತ್ತಾರೆ, ಒಬ್ಬೊಬ್ಬರ ಹಿಂದೆ ಒಂದು ಮನೆ, ಒಂದು ಜಾತಿ, ಒಂದು ಜಗಳ, ಒಂದು ಆಸೆ. ಯಾರು ಯಾರ ನೆಂಟರು ಎಂದು ಹಿಡಿಯುವಷ್ಟರಲ್ಲಿ ಹೊಸ ಓದುಗನ ಉಸಿರು ಕಟ್ಟುತ್ತದೆ. ಒಂದು ತಿಂಗಳ ನಂತರ ಆ ಹುಡುಗ ಪುಸ್ತಕವನ್ನು ನಮ್ಮ ಗೇಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿ ಹೋಗಿದ್ದ. ಆಮೇಲೆ ನನ್ನ ಕಣ್ಣಿಗೆ ಬೀಳದ ಹಾಗೆ ಓಡಾಡತೊಡಗಿದ. ಓದು ಬರಲಿಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಅವನ ಕೈಗಿಟ್ಟವನು ನಾನು. ಇದನ್ನು ನೆನೆದಾಗೆಲ್ಲ ಇವತ್ತಿಗೂ ನೋವಾಗುತ್ತದೆ.

ಹಾಗಾಗಿ ಮೊದಲ ಪುಸ್ತಕ ತೆಳ್ಳಗಿರಲಿ. ನೂರು, ನೂರೈವತ್ತು ಪುಟ. ಅದರ ಮಾತು ಎದುರಿಗೆ ಕೂತು ಯಾರೋ ಹೇಳುವ ಹಾಗಿರಲಿ. ಯಾರೇ ಕೇಳಿದರೂ ನಾನು ಈಗ ಮೊದಲು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದದ್ದು. ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ರೈತ, ಒಬ್ಬ ಅಡುಗೆಯವ, ಒಂದು ನಾಯಿ, ಜೊತೆಗೆ ಮಂದಣ್ಣ ಎಂಬ ಹಳ್ಳಿಯ ಹುಡುಗ ಕಾಡಿಗೆ ಹೋಗುವ ಕತೆ. ಕತೆ ನಡೆಯುವ ಮೂಡಿಗೆರೆ ಬೇಲೂರಿನ ಮೇಲೆ ಹೋದರೆ ಹಾಸನಕ್ಕೆ ದೂರವೇನಲ್ಲ, ಹಾಗಾಗಿ ನಮ್ಮವರಿಗೆ ಆ ಮಳೆ, ಆ ಜಿಗಣೆ, ಆ ಮಾತಿನ ವರಸೆ ಎಲ್ಲ ಪರಿಚಿತ. ಊರಿನವರ ಕಣ್ಣಿಗೆ ಮಂದಣ್ಣ ಯಾವ ಕೆಲಸಕ್ಕೂ ಬಾರದವನು. ಕರ್ವಾಲೊ ಅವರಿಗೆ ಮಾತ್ರ ಅವನೊಳಗಿನ ವಿಜ್ಞಾನಿ ಕಾಣುತ್ತಾನೆ. ಮೊಬೈಲ್ ರಿಪೇರಿಯ ಹುಡುಗ ಇದನ್ನು ನಾಲ್ಕೇ ದಿನದಲ್ಲಿ ಓದಿ ತಂದ. ಅವನ ಹೆಸರಿನ ಮುಂದೆ ಮೂರನೆಯ ಕಾಲಮ್ಮಿನಲ್ಲಿ ಹೀಗಿದೆ: "ಮಂದಣ್ಣನ ಹಂಗೇ ಸಾರ್ ನಾನೂ. ಸರ್ಟಿಫಿಕೇಟ್ ಇಲ್ಲ, ಕೈಗೆ ಗೊತ್ತು." ಮೂವತ್ತು ವರ್ಷದಲ್ಲಿ ನಾನು ತಿದ್ದಿದ ಯಾವ ಉತ್ತರಪತ್ರಿಕೆಯಲ್ಲೂ 'ಕರ್ವಾಲೊ' ಬಗ್ಗೆ ಇಷ್ಟು ನೇರವಾದ ಮಾತು ಓದಿದ ನೆನಪಿಲ್ಲ.

ಎರಡು ಸಣ್ಣ ಮಾತು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡ ಪುಸ್ತಕಗಳಲ್ಲಿ ಮುನ್ನುಡಿಗಳು ಉದ್ದ. ಹಿರಿಯರೊಬ್ಬರ ಮುನ್ನುಡಿ, ಆಮೇಲೆ ಲೇಖಕರ ಮಾತು, ಪ್ರಕಾಶಕರ ಮಾತು. ಹೊಸಬರು ಇವುಗಳಲ್ಲೇ ದಣಿದು ಕತೆಯ ಬಾಗಿಲಿಗೆ ಬರುವ ಮೊದಲೇ ಪುಸ್ತಕ ಮುಚ್ಚುತ್ತಾರೆ. ಅದನ್ನೆಲ್ಲ ಬಿಟ್ಟು ನೇರವಾಗಿ ಮೊದಲ ಅಧ್ಯಾಯಕ್ಕೆ ಹೋಗಿ. ಪುಸ್ತಕ ಮುಗಿದ ಮೇಲೆ ಮುನ್ನುಡಿ ಓದಿದರೆ ಅದು ಹೆಚ್ಚು ಅರ್ಥವಾಗುತ್ತದೆ. ಇನ್ನೊಂದು, ದಿನಕ್ಕೆ ಹತ್ತು ಪುಟ ಸಾಕು. ಓದು ಬಿಟ್ಟು ಎಷ್ಟೋ ವರ್ಷವಾದವರಿಗೆ ಮೊದಲ ವಾರ ಕಣ್ಣು ಸಾಲಿನ ಮೇಲೆ ನಿಲ್ಲುವುದಿಲ್ಲ. ಎರಡನೆಯ ವಾರದ ಹೊತ್ತಿಗೆ ನಿಲ್ಲುತ್ತದೆ. ನಮ್ಮ ಇಂಜಿನಿಯರಿಂಗ್ ಹುಡುಗಿ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ಹಿಡಿದು ದಿನಕ್ಕೆ ಹತ್ತು ಪುಟ ಗಟ್ಟಿಯಾಗಿ ಓದಿದಳು. ಫೆಬ್ರವರಿಯಲ್ಲಿ ತಡವರಿಸುತ್ತಿದ್ದವಳು ಏಪ್ರಿಲ್ ಹೊತ್ತಿಗೆ ಓದುತ್ತ ಓದುತ್ತ ನಗತೊಡಗಿದಳು. ಅಕ್ಷರ ಕೂಡಿಸುವ ಕಷ್ಟ ತೀರಿತ್ತು, ಗೊರೂರರ ಹಾಸ್ಯ ಈಗ ಅವಳನ್ನು ಮುಟ್ಟುತ್ತಿತ್ತು.

ಪುಸ್ತಕ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಕಂದಾಯದ ರಸೀದಿಯಲ್ಲೇ ಇದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಆ ಪುಸ್ತಕಗಳಿಗೆ ನೀವು ಈಗಾಗಲೇ ದುಡ್ಡು ಕೊಟ್ಟಿದ್ದೀರಿ. ಹೋಗಿ ಸದಸ್ಯರಾಗಿ. ಎರವಲು ತಂದ ಪುಸ್ತಕಕ್ಕೆ ವಾಪಸ್ ಕೊಡುವ ತಾರೀಖು ಇರುತ್ತದೆ. ಆ ತಾರೀಖೇ ಓದಿಸುತ್ತದೆ. ಇಷ್ಟವಾದದ್ದನ್ನು ಆಮೇಲೆ ಕೊಂಡುಕೊಳ್ಳಿ.

ಈಗ ವರ್ಷದ ಕತೆಗೆ ಬರೋಣ.

ನಾವು ಮೊದಲ ಸಲ ಸೇರಿದ್ದು ಜನವರಿ 5ರಂದು. ಅವತ್ತೇ ನಾ. ಡಿಸೋಜ ಅವರು ತೀರಿಕೊಂಡರು. ಸಾಗರದಲ್ಲಿ ಬದುಕಿ, ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಶರಾವತಿ ಮುಳುಗಡೆಯ ಜನರ ಕತೆಯನ್ನು ಮತ್ತೆ ಮತ್ತೆ ಬರೆದವರು. ಮುಂದಿನ ತಿಂಗಳಿಗೆ ಯಾವ ಪುಸ್ತಕ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ಫೆಬ್ರವರಿ 2ರಂದು ಜಗಲಿಯಲ್ಲಿ ಅವರ 'ದ್ವೀಪ' ಓದಿದೆವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯ ಊರುಗಳು ನೀರಿನಡಿ ಸೇರಿದವು. ಗಣಪಯ್ಯ ಮತ್ತು ನಾಗವೇಣಿಯ ಮನೆ ಇರುವ ಗುಡ್ಡದ ಸುತ್ತ ನೀರು ಏರುತ್ತ ಏರುತ್ತ ಅದು ದ್ವೀಪವಾಗುತ್ತದೆ. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಇದನ್ನೇ ಸಿನಿಮಾ ಮಾಡಿದರು, ನೋಡಿದವರಿಗೆ ನಟಿ ಸೌಂದರ್ಯ ಅವರ ಮುಖ ನೆನಪಿರುತ್ತದೆ. ಪುಸ್ತಕ ಸಣ್ಣದು. ಅದರಲ್ಲಿ ಮಳೆ ಸುರಿಯುವುದೇ ದೊಡ್ಡ ಘಟನೆ. ನೀರು ಎಲ್ಲಿಯವರೆಗೆ ಬಂತು ಎಂದು ಮನೆಯವರು ದಿನಾ ನೋಡುತ್ತಾರೆ, ಅಷ್ಟೇ. ಆ ನೋಡುವುದರಲ್ಲೇ ಇಡೀ ಭಯ ಇದೆ.

ನಾನು ಓದಿ ಮುಗಿಸಿದಾಗ ಕಂಡಕ್ಟರ್ ಅವರು ಕೇಳಿದರು: "ಇದು ಹೇಮಾವತಿ ಕತೇನಾ ಮೇಷ್ಟ್ರೇ?"

"ಅಲ್ಲ, ಶರಾವತಿ. ಸಾಗರದ ಕಡೆ."

ಅವರು ಮತ್ತೇನೂ ಮಾತಾಡಲಿಲ್ಲ. ಹೊರಡುವಾಗ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ನಾನು ಮೊದಲ ಎರಡು ಕಾಲಂ ತುಂಬಿದೆ.

ಗಟ್ಟಿಯಾಗಿ ಓದುವ ಕ್ರಮ ನಮ್ಮ ಕೂಟಕ್ಕೆ ಎಲ್ಲಿಂದ ಬಂತು ಎಂದು ಹೇಳಬೇಕು. ಓದೆಂದರೆ ಒಬ್ಬರೇ, ಮೌನವಾಗಿ, ಮೂಲೆಯಲ್ಲಿ ಕೂತು ಎಂದು ನಾವೀಗ ಅಂದುಕೊಂಡಿದ್ದೇವೆ. ನಮ್ಮ ನಾಡಿನಲ್ಲಿ ಬಹುಕಾಲ ಹಾಗಿರಲಿಲ್ಲ. ಅಕ್ಷರ ಬಾರದ ನನ್ನಜ್ಜಿಗೆ ಕುಮಾರವ್ಯಾಸನ ಕರ್ಣ, ಜೈಮಿನಿಯ ಚಂದ್ರಹಾಸ ಇಬ್ಬರೂ ಮನೆಯ ಮಕ್ಕಳ ಹಾಗೆ ಗೊತ್ತಿದ್ದರು. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಕೇಳುವವರು ಮಧ್ಯೆ ತಡೆದು ಪ್ರಶ್ನೆ ಹಾಕಬಹುದು. ಪುಸ್ತಕವೊಂದೇ, ಅದರ ಸುತ್ತ ಐವತ್ತು ಜನ. ನಮ್ಮ ಕೂಟದಲ್ಲೂ ಇದನ್ನೇ ಮಾಡಿದೆವು: ಒಬ್ಬರು ಎರಡು ಪುಟ ಓದುವುದು, ಪಕ್ಕದವರು ತಮಗೆ ತಿಳಿದಂತೆ ಹೇಳುವುದು. ಇದರಿಂದ ಓದಲು ಹಿಂಜರಿಯುವವರಿಗೂ ಒಂದು ಜಾಗ ಸಿಕ್ಕಿತು. ಅವರು ಮೊದಲ ತಿಂಗಳುಗಳಲ್ಲಿ ವ್ಯಾಖ್ಯಾನಕ್ಕೆ ಕೂತರು.

ದೇವನೂರ ಮಹಾದೇವ ಅವರ 'ಕುಸುಮಬಾಲೆ' ಓದುವಾಗ ಈ ಕ್ರಮದ ಬೆಲೆ ನನಗೇ ಸರಿಯಾಗಿ ತಿಳಿಯಿತು. 1984ರಲ್ಲಿ ಬಂದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ನೂರು ಪುಟದ ಸುತ್ತಮುತ್ತ. ಆದರೆ ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತಿನಲ್ಲೇ ಇಡೀ ಕಥನ ನಡೆಯುತ್ತದೆ. ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ಮಾತಾಡಿಕೊಳ್ಳುತ್ತವೆ. ಕಣ್ಣಲ್ಲಿ ಓದಿದರೆ ಪದಗಳು ಅಡ್ಡ ನಿಲ್ಲುತ್ತವೆ. ಇಂಜಿನಿಯರಿಂಗ್ ಹುಡುಗಿ ಮೂರು ಪುಟಕ್ಕೇ ಕೈಚೆಲ್ಲಿ, ಇದು ಯಾವ ಕನ್ನಡ ಎಂದು ಕೇಳಿದಳು. ಮಂಡಿಯಲ್ಲಿ ಲೆಕ್ಕ ಬರೆಯುವವರು ಅಲ್ಲಿಯವರೆಗೆ ಒಂದು ಸಲವೂ ಓದಲು ಮುಂದೆ ಬಂದಿರಲಿಲ್ಲ. ಅವರ ಊರು ನಂಜನಗೂಡಿನ ಹತ್ತಿರ. "ಕೊಡವ್ವ ಇಲ್ಲಿ" ಎಂದು ಪುಸ್ತಕ ತೆಗೆದುಕೊಂಡು ಓದತೊಡಗಿದರು. ಅದು ಓದಿದ ಹಾಗಿರಲಿಲ್ಲ, ಅವರ ಊರಿನವರು ಬಂದು ಜಗಲಿಯಲ್ಲಿ ಕೂತು ಮಾತಾಡಿದ ಹಾಗಿತ್ತು. ಹಾಸನದಲ್ಲಿ ಹದಿನೆಂಟು ವರ್ಷದಿಂದ ನನ್ನ ಮಾತಿನ ಧಾಟಿಯನ್ನು ಅಡಗಿಸಿಕೊಂಡು ಬದುಕಿದ್ದೆ ಎಂದು ಆಮೇಲೆ ಹೇಳಿದರು. ಅವತ್ತು ಅವರು ನಲವತ್ತು ನಿಮಿಷ ಓದಿದರು. ಯಾರೂ ತಡೆಯಲಿಲ್ಲ. ಮೂರನೆಯ ಕಾಲಂ: "ನಮ್ಮವ್ವನ ಮಾತ ಅಚ್ಚಾಕವ್ರೆ."

ಒಂದು ಪುಸ್ತಕದ ಮಾತು ನಿಮಗೆ ಕಠಿಣವೆನಿಸಿದರೆ, ಅದು ಯಾರ ಮನೆಯ ಮಾತು ಎಂದು ಹುಡುಕಿ ಅವರಿಂದ ಎರಡು ಪುಟ ಓದಿಸಿ ಕೇಳಿ. ಕನ್ನಡದಲ್ಲಿ ಇದು ಎಲ್ಲ ಕಡೆಗೂ ಒಪ್ಪುವ ಉಪಾಯ. ಧಾರವಾಡದ ಮಾತಿಗೂ, ಕುಂದಾಪುರದ ಮಾತಿಗೂ, ಕಲಬುರಗಿಯ ಮಾತಿಗೂ.

ಮೇ 20ರ ರಾತ್ರಿ ಲಂಡನ್ನಿನಿಂದ ಸುದ್ದಿ ಬಂತು. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಅನುವಾದಿಸಿದ ದೀಪಾ ಭಸ್ತಿ ಅವರು ಮಡಿಕೇರಿಯವರು. ನಮ್ಮ ಹಾಸನದಲ್ಲಿ ವಕೀಲಿ ಮಾಡಿಕೊಂಡು, ಇದೇ ಬೀದಿಗಳಲ್ಲಿ ಓಡಾಡಿಕೊಂಡು ದಶಕಗಳಿಂದ ಬರೆಯುತ್ತಿದ್ದವರು ಬಾನು ಅವರು. ಊರಿಗೆ ಊರೇ ಹೆಮ್ಮೆಪಟ್ಟಿತು. ನನಗೆ ಹೆಮ್ಮೆಯ ಜೊತೆಗೆ ಒಂದು ಚಿಂತೆಯೂ ಹತ್ತಿತು: ಇವರಲ್ಲಿ ಎಷ್ಟು ಜನ ಅವರ ಒಂದು ಕತೆ ಓದಿದ್ದಾರೆ?

ಹೊಸ ಓದುಗರಿಗೆ ಬಾನು ಅವರ ಬಗ್ಗೆ ನಾನು ಮೊದಲು ಹೇಳುವುದು ಪ್ರಶಸ್ತಿಯ ಸುದ್ದಿಯನ್ನಲ್ಲ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿತರೆ ಮಾತ್ರ ಎಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. ಮನೆಯ ಮಾತು ಬೇರೆಯಾಗಿದ್ದ ಮಗು ಹೊಸ ಅಕ್ಷರಕ್ಕೆ ಹೀಗೆ ಬಂದು ಸೇರಿದ್ದನ್ನು ಕೇಳಿ ನಮ್ಮ ಇಂಜಿನಿಯರಿಂಗ್ ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ "ಆರು ತಿಂಗಳು" ಎಂದು ಬರೆದು ಎರಡು ಗೆರೆ ಎಳೆದಳು.

ಜೂನ್ 1ರ ಭಾನುವಾರ ಸೇರಿದಾಗ ಎರಡು ದಿನದ ಹಿಂದಷ್ಟೇ ಕವಿ ಎಚ್.ಎಸ್. ವೆಂಕಟೇಶಮೂರ್ತಿ ಅವರು ತೀರಿಹೋಗಿದ್ದರು. ಹೊಲಿಗೆ ಅಂಗಡಿಯಾಕೆಯ ಮಗಳು ಶಾಲೆಯಲ್ಲಿ ಕಲಿತ ಅವರ ಹಾಡೊಂದನ್ನು ಹಾಡಿದಳು, ಎಲ್ಲರೂ ಎದ್ದು ನಿಂತೆವು. ಆಮೇಲೆ ಬಾನು ಅವರ 'ಎದೆಯ ಹಣತೆ' ಕತೆಯನ್ನು ಕನ್ನಡದಲ್ಲೇ ಓದಿದೆವು. ಗಂಡ ಇನ್ನೊಬ್ಬಳ ಹಿಂದೆ ಹೋದಾಗ ಮೆಹರುನ್ ತವರಿಗೆ ಬರುತ್ತಾಳೆ. ತವರು ಅವಳನ್ನು ವಾಪಸ್ ತಂದುಬಿಡುತ್ತದೆ. ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ತಡೆಯುವುದು ಹಿರಿಯ ಮಗಳು ಸಲ್ಮಾ. ಓದುತ್ತಿದ್ದ ಹುಡುಗಿಯ ದನಿ ನಡುಗಿತು, ನಿಲ್ಲಿಸಿದಳು. ಉಳಿದದ್ದನ್ನು ನರ್ಸ್ ಓದಿ ಮುಗಿಸಿದರು, ಸ್ವಲ್ಪವೂ ತಡೆಯದೆ. ಪುಸ್ತಕ ಒಯ್ದು ಇಪ್ಪತ್ತು ದಿನದ ಮೇಲೆ ತಂದುಕೊಟ್ಟರು. ಅವರು ಸುಟ್ಟಗಾಯದ ವಾರ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ್ದರೆಂದು ನನಗೆ ಆಗಲೇ ಗೊತ್ತಾದದ್ದು. ಮೂರನೆಯ ಕಾಲಂ: "ಈ ಕತೇಲಿ ಮಗಳು ಬಂದ್ಳು. ನಮ್ಮ ವಾರ್ಡಿಗೆ ಬಂದೋರಿಗೆ ಯಾರೂ ಬಂದಿರಲಿಲ್ಲ." ಅದರ ಕೆಳಗೆ ನಾನು ಏನೂ ಬರೆಯಲಿಲ್ಲ.

ಇಂಗ್ಲಿಷ್ ಪುಸ್ತಕವನ್ನೇ ಓದಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಓದಬಹುದು. ದೀಪಾ ಅವರು ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರ ಮಾಡಿ ದೂರ ನಿಲ್ಲಿಸದೆ ಇಂಗ್ಲಿಷಿನೊಳಗೇ ಉಳಿಸಿದ್ದಾರೆ, ಅದೊಂದು ಧೈರ್ಯದ ಕೆಲಸ. ಆದರೆ ಕನ್ನಡ ಓದಬಲ್ಲವರಿಗೆ ಆ ಬೀದಿ, ಆ ಅಡುಗೆಮನೆ, ಆ ಬೈಗುಳ ಎಲ್ಲ ನೇರವಾಗಿ ಸಿಗುವಾಗ ಸುತ್ತುದಾರಿ ಯಾಕೆ?

ಪುಸ್ತಕ ಹಂಚಿಕೊಳ್ಳುವ ರೀತಿಯ ಬಗ್ಗೆ ಇಲ್ಲಿ ನಿಂತು ಹೇಳಬೇಕು. ಮೊದಲ ಎರಡು ತಿಂಗಳು ನಮ್ಮಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: "ತುಂಬಾ ಚೆನ್ನಾಗಿದೆ, ಎಲ್ಲರೂ ಓದಲೇಬೇಕು." ಹೇಳಿದ ಮೇಲೆ ಯಾರೂ ಆ ಪುಸ್ತಕ ಮುಟ್ಟುತ್ತಿರಲಿಲ್ಲ. ಹೊಗಳಿಕೆಯಲ್ಲಿ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಇನ್ನು ಕೆಲವರು ಇಡೀ ಕತೆಯನ್ನೇ ಹೇಳಿ ಮುಗಿಸುತ್ತಿದ್ದರು. ಮಾರ್ಚ್ ತಿಂಗಳಿಂದ ಒಂದು ನಿಯಮ ಮಾಡಿಕೊಂಡೆವು. ನಿಮ್ಮನ್ನು ನಿಲ್ಲಿಸಿದ ಪುಟವೊಂದನ್ನು ತೆರೆಯಿರಿ, ಒಂದು ಪ್ಯಾರಾ ಓದಿ, ಅಲ್ಲಿ ಯಾಕೆ ನಿಂತಿರಿ ಎಂದು ಹೇಳಿ. ಅಷ್ಟೇ, ಮೂರು ನಿಮಿಷ. ಎಲ್ಲಿ ಕೂತು ಓದುತ್ತಿದ್ದಿರಿ ಎಂದೂ ಹೇಳಬಹುದು. ಹೊಲಿಗೆ ಅಂಗಡಿಯಾಕೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಹಿಡಿದು ಬಂದಾಗ, ಬಾಲವಿಧವೆಯಾಗಿ ಬಾಳು ಕಳೆದ ಫಣಿಯಮ್ಮ ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಚಿಕ್ಕ ವಯಸ್ಸಿನ ದಾಕ್ಷಾಯಣಿಯ ಪರ ನಿಲ್ಲುವ ಪುಟ ತೆರೆದರು. "ತನಗೆ ಸಿಗದೇ ಇರೋದನ್ನ ಇನ್ನೊಬ್ಬಳಿಗೆ ಕೊಡಿಸಿದ್ಳಲ್ಲ ಮೇಷ್ಟ್ರೇ, ಅಲ್ಲಿ ಮಿಷನ್ ನಿಲ್ಲಿಸಿಬಿಟ್ಟೆ" ಎಂದರು. ಆ ತಿಂಗಳು 'ಫಣಿಯಮ್ಮ'ನಿಗೆ ನಾಲ್ಕು ಜನ ಸಾಲಿನಲ್ಲಿದ್ದರು.

ಇಷ್ಟವಾಗದಿದ್ದರೆ ಹಾಗೆಂದು ಹೇಳುವ ಹಕ್ಕೂ ಇದೆ. ಯಶವಂತ ಚಿತ್ತಾಲರ 'ಶಿಕಾರಿ' ನನಗೆ ಬಹಳ ಪ್ರಿಯ. ಮುಂಬಯಿಯಲ್ಲಿ ಕಂಪನಿಯ ಕೆಲಸದಿಂದ ಅಮಾನತಾದ ನಾಗಪ್ಪನ ಮನಸ್ಸಿನೊಳಗೆ ನಡೆಯುವ ಕಾದಂಬರಿ. ಅದನ್ನು ಒಯ್ದವರು ಅರವತ್ತನೆಯ ಪುಟಕ್ಕೆ ವಾಪಸ್ ತಂದರು: "ಈ ನಾಗಪ್ಪ ಭಾಳ ಯೋಚನೆ ಮಾಡ್ತಾನೆ, ನನಗೆ ರಾತ್ರಿ ನಿದ್ದೆ ಬರ್ತಿಲ್ಲ." ಅದನ್ನೂ ಬರೆದುಕೊಂಡೆ. ಚಿತ್ತಾಲರು ಬರೆದದ್ದು ಆ ನಿದ್ದೆಗೇಡಿನ ಬಗ್ಗೆಯೇ ಅಲ್ಲವೇ, ಅವರು ಪುಸ್ತಕವನ್ನು ಸರಿಯಾಗಿಯೇ ಓದಿದ್ದರು.

ಸೆಪ್ಟೆಂಬರಿನ ಒಂದು ವಾರವನ್ನು ನಮ್ಮ ಜಿಲ್ಲೆ ಮರೆಯುವುದಿಲ್ಲ. 22ರಂದು ಬಾನು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. 24ರಂದು ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಅವರ ವಿಚಾರಗಳನ್ನು ಒಪ್ಪದವರು ನಮ್ಮ ಜಗಲಿಯಲ್ಲೂ ಇದ್ದರು, ಆ ಕಾರಣಕ್ಕೇ ಅವರನ್ನು ಓದದೆ ಬಿಟ್ಟವರೂ ಇದ್ದರು. ನಾನು ಹೇಳಿದ್ದಿಷ್ಟೇ: 'ಗೃಹಭಂಗ' ಓದಿ, ಆಮೇಲೆ ಮಾತಾಡೋಣ. ಅಕ್ಟೋಬರ್ 5ರಂದು ಅದನ್ನೇ ಹಿಡಿದೆವು.

ನಂಜಮ್ಮನಿಗೆ ಕೈಲಾಗದ ಗಂಡ, ಬಾಯಿಬಡುಕಿ ಅತ್ತೆ. ಗಂಡ ಬರೆಯಬೇಕಾದ ಶ್ಯಾನುಭೋಗಿಕೆಯ ಲೆಕ್ಕವನ್ನು ಅವಳೇ ಬರೆಯುತ್ತಾಳೆ. ಮುತ್ತುಗದ ಎಲೆ ತಂದು, ಒಣಗಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ ಮಾರುತ್ತಾಳೆ. ಹಾಗೆ ಕಟ್ಟಿದ ಮನೆಗೆ ಪ್ಲೇಗು ನುಗ್ಗುತ್ತದೆ. ಭೈರಪ್ಪನವರು ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲಿ ಪ್ಲೇಗಿಗೆ ಕಳೆದುಕೊಂಡವರು. ಅದನ್ನು ತಿಳಿದು ಓದಿದರೆ ಆ ಪುಟಗಳಲ್ಲಿ ಅವರು ಒಂದು ಹನಿ ಕಣ್ಣೀರನ್ನೂ ಹೆಚ್ಚಾಗಿ ಸುರಿಸದೆ ಬರೆದದ್ದು ಇನ್ನಷ್ಟು ತಟ್ಟುತ್ತದೆ. ಎಲೆ ಹಚ್ಚುವುದು ಎಂದರೇನು ಎಂದು ಇಂಜಿನಿಯರಿಂಗ್ ಹುಡುಗಿ ಕೇಳಿದಳು. ಹೊಲಿಗೆ ಅಂಗಡಿಯಾಕೆ ಎದ್ದು ನಮ್ಮ ಹಿತ್ತಲಿನಿಂದ ಹಲಸಿನೆಲೆ ಕಿತ್ತು ತಂದು, ಪೊರಕೆಕಡ್ಡಿ ಮುರಿದು ಎರಡು ನಿಮಿಷದಲ್ಲಿ ಒಂದು ದೊನ್ನೆ ಮಾಡಿ ತೋರಿಸಿದರು. "ನಮ್ಮಮ್ಮನೂ ಇದನ್ನೇ ಮಾಡಿ ನಮ್ಮನ್ನ ಸಾಕಿದ್ದು. ನಾನು ಬಟ್ಟೆ ಹೊಲಿತೀನಿ, ನಂಜಮ್ಮ ಎಲೆ ಹೊಲಿತಾಳೆ" ಎಂದರು. ಆ ದೊನ್ನೆ ಒಣಗಿ ಈಗಲೂ ನನ್ನ ಪುಸ್ತಕದ ಬೀರುವಿನಲ್ಲಿದೆ.

ಡಿಸೆಂಬರ್ 7ರಂದು ಪುಸ್ತಕ ಓದಲಿಲ್ಲ. ನೋಟ್‌ಬುಕ್ಕನ್ನೇ ಓದಿದೆವು. ವರ್ಷದ ಓದನ್ನು ಹಿಂದಿರುಗಿ ನೋಡುವುದೆಂದರೆ ಹೊಸಬರಿಗೆ ಲೆಕ್ಕ ಹಾಕುವುದು ಎಂದು ಅನಿಸುತ್ತದೆ. ಎಷ್ಟು ಪುಸ್ತಕ, ಎಷ್ಟು ಪುಟ. ನಾನು ಆ ವರ್ಷ ಇಪ್ಪತ್ತಾರು ಓದಿದೆ, ಹೊಲಿಗೆ ಅಂಗಡಿಯಾಕೆ ನಾಲ್ಕು. ಆ ನಾಲ್ಕೂ ಅವರಿಗೆ ಅಧ್ಯಾಯ ಅಧ್ಯಾಯವಾಗಿ ನೆನಪಿವೆ. ನನ್ನ ಇಪ್ಪತ್ತಾರರಲ್ಲಿ ಎರಡರ ಹೆಸರು ನೋಟ್‌ಬುಕ್ಕಿನಲ್ಲಿ ನೋಡಿದಾಗಲೂ ಒಳಗೇನಿತ್ತೆಂದು ನೆನಪಾಗಲಿಲ್ಲ. ಆದ್ದರಿಂದ ಎಣಿಸುವುದನ್ನು ಬಿಡಿ. ಮೂರನೆಯ ಕಾಲಮ್ಮನ್ನು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿ. ಯಾವ ಮಾತು ಕೇಳಿದಾಗ ಕೂತವರು ತಲೆಯೆತ್ತುತ್ತಾರೋ ಗಮನಿಸಿ. ಯಾವ ಪುಸ್ತಕ ಒಬ್ಬರಿಂದ ಒಬ್ಬರಿಗೆ ಐದು ಕೈ ಬದಲಿಸಿತು, ಯಾವುದು ಬೀರು ಬಿಟ್ಟು ಕದಲಲೇ ಇಲ್ಲ ಎಂದು ನೋಡಿ. ನಮ್ಮಲ್ಲಿ 'ಕರ್ವಾಲೊ' ಏಳು ಕೈ ತಿರುಗಿತ್ತು. ರಟ್ಟು ಕಿತ್ತು ಬಂದಿತ್ತು, ಮೊಬೈಲ್ ರಿಪೇರಿಯ ಹುಡುಗನೇ ಅಂಗಡಿಯ ಅಂಟು ಹಾಕಿ ಕೂರಿಸಿದ್ದ.

ಒಂದು ಕಡೆ ಮೂರನೆಯ ಕಾಲಂ ಖಾಲಿ ಇತ್ತು. 'ದ್ವೀಪ', ಫೆಬ್ರವರಿ 2. ಪುಸ್ತಕ ಹತ್ತು ತಿಂಗಳಿಂದ ವಾಪಸ್ ಬಂದಿರಲಿಲ್ಲ. ಕಳೆದುಹೋಗಿರಬೇಕು, ಹೇಳಲು ಸಂಕೋಚಪಡುತ್ತಿರಬೇಕು ಎಂದುಕೊಂಡು ನಾನು ಅದನ್ನು ದಾಟಿ ಮುಂದಿನ ಸಾಲಿಗೆ ಹೋದೆ. ಕಂಡಕ್ಟರ್ ಅವರೇ ತಡೆದರು.

"ಅದು ಮನೇಲೇ ಇದೆ ಮೇಷ್ಟ್ರೇ. ನಮ್ಮವ್ವಂಗೆ ಓದಿ ಹೇಳ್ತಾ ಇದೀನಿ. ದಿನಾ ರಾತ್ರಿ ಊಟ ಆದ್ಮೇಲೆ."

ಹತ್ತು ತಿಂಗಳಿಂದಲೇ? ಅಷ್ಟು ಸಣ್ಣ ಪುಸ್ತಕ?

"ಒಂದು ಸಾಲು ಓದಿದ್ರೆ ಅವ್ವ ನಿಲ್ಸು ಅಂತಾಳೆ. ಆಮೇಲೆ ಅವಳದ್ದೇ ಶುರುವಾಗುತ್ತೆ."

ಅವರ ಊರು ಹೇಮಾವತಿಯ ಹಿನ್ನೀರಿನ ಅಡಿ ಇದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯುವ ಹೊತ್ತಿಗೆ ಆ ದಂಡೆಯ ಊರುಗಳು ಎದ್ದು ಹೋಗಿದ್ದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಾತ್ರ ಇವತ್ತಿಗೂ ಮಳೆಗಾಲದಲ್ಲಿ ನೀರೊಳಗೆ ನಿಂತು, ಬೇಸಿಗೆಯಲ್ಲಿ ಬಯಲಿಗೆ ಬರುತ್ತವೆ. ಪ್ರವಾಸಿಗರು ಫೋಟೊ ತೆಗೆಯಲು ಹೋಗುತ್ತಾರೆ. ಕಂಡಕ್ಟರ್ ಅವರು ಆಗ ಹೈಸ್ಕೂಲಿನಲ್ಲಿದ್ದರಂತೆ. ತಮ್ಮ ತಾಯಿ ಆ ಊರಿನ ಬಗ್ಗೆ ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ ಎಂದರು. ನಾಗವೇಣಿ ಮನೆಯಂಗಳದಲ್ಲಿ ನಿಂತು ನೀರು ನೋಡುವ ಕಡೆ ಬಂದಾಗ, ತಮ್ಮ ಹಟ್ಟಿಯ ಮುಂದಿನ ಹುಣಸೆಮರ, ಬಾವಿಯ ರಾಟೆ, ಬಿಟ್ಟುಬರಲೇಬೇಕಾದ ಒರಳುಕಲ್ಲು, ಒಂದೊಂದಾಗಿ ಹೇಳತೊಡಗಿದರಂತೆ. ಆದ್ದರಿಂದ ಪುಸ್ತಕ ಇನ್ನೂ ಅರ್ಧಕ್ಕೂ ಬಂದಿಲ್ಲ. "ಇನ್ನೊಂದಷ್ಟು ದಿನ ಇಟ್ಕೋಬಹುದಾ?" ಎಂದು ಕೇಳಿದರು.

ಮರುವರ್ಷದ ಜನವರಿ 4ರಂದು ಕಂಡಕ್ಟರ್ ಅವರು ಆಟೋದಿಂದ ಇಳಿದಾಗ ಜೊತೆಗೆ ಅವರ ತಾಯಿಯೂ ಇದ್ದರು. ಎಂಬತ್ತು ದಾಟಿದವರು. ಜಗಲಿಯ ಕಂಬಕ್ಕೆ ಒರಗಿ ಕೂರಿಸಿದೆವು. ಹೊಸ ವರ್ಷದ ಮೊದಲ ಪುಸ್ತಕವಾಗಿ 'ಮಲೆಗಳಲ್ಲಿ ಮದುಮಗಳು' ಎಂದು ಗೊತ್ತು ಮಾಡಿದ್ದೆವು. ಒಂದು ವರ್ಷ ಓದಿದವರು ಈಗ ಅದಕ್ಕೆ ಸಿದ್ಧರಿದ್ದರು, ಹೊಲಿಗೆ ಅಂಗಡಿಯಾಕೆ ಗ್ರಂಥಾಲಯದಿಂದ ಎರವಲು ತಂದು ಮಡಿಲಲ್ಲಿಟ್ಟುಕೊಂಡಿದ್ದರು. ಅಜ್ಜಿ ಮಗನ ಕೈಲಿದ್ದ ತೆಳ್ಳನೆಯ ಪುಸ್ತಕ ತೋರಿಸಿ ಇದನ್ನೇ ಮೊದಲಿಂದ ಓದಿ ಎಂದರು. ಹೊಲಿಗೆ ಅಂಗಡಿಯಾಕೆ ತಮ್ಮ ಪುಸ್ತಕವನ್ನು ಪಕ್ಕಕ್ಕಿಟ್ಟರು. ಇಂಜಿನಿಯರಿಂಗ್ ಹುಡುಗಿ 'ದ್ವೀಪ'ದ ಮೊದಲ ಪುಟ ತೆರೆದು ಓದತೊಡಗಿದಳು.

"ಸ್ವಲ್ಪ ಗಟ್ಯಾಗಿ ಓದವ್ವ" ಎಂದರು ಅಜ್ಜಿ.